ಕಾಂಪೌಂಡರ್ ಶ್ರೀರಾಮಪ್ಪನ ಒಂದು ತಪ್ಪು

ಹಲಸೂರಿನ ಬಜಾರ್ ಬೀದಿಯಲ್ಲಿ ಡಾಕ್ಟರ್ ಗುರುರಾಜ್ ಅವರ ಷಾಪಿತ್ತು. ಕ್ಲಿನಿಕ್ ಎನ್ನುವ ಮಾತು ಆಗಿನ್ನೂ ಹಲಸೂರಿನವರ ನಾಲಿಗೆಗೆ ಬಂದಿರಲಿಲ್ಲ. ಟೈಲರನದ್ದೂ ಷಾಪೇ, ಡಾಕ್ಟರದ್ದೂ ಷಾಪೇ. ಆ ಷಾಪಿನಲ್ಲಿ ಔಷಧಿಗೆ ಕಾಯುವ ರೋಗಿಗಳು ಸಾಲು ನಿಲ್ಲುತ್ತಿರಲಿಲ್ಲ, ಅವರ ಬದಲಿಗೆ ಅವರ ಬಾಟಲಿಗಳು ನಿಲ್ಲುತ್ತಿದ್ದವು. ಒಳಗೆ ಹೋಗಿ ಎದೆ ಬೆನ್ನು ತೋರಿಸಿ ಚೀಟಿ ಬರೆಸಿಕೊಂಡು ಬಂದವರು, ಮನೆಯಿಂದ ತಂದ ಖಾಲಿ ಬಾಟಲಿಯನ್ನು ಕಾಂಪೌಂಡರ್ ಕಿಟಕಿಯ ಕಟ್ಟೆ ಮೇಲಿಟ್ಟು, ಚೀಟಿಯನ್ನು ಅದರ ಅಡಿಗೆ ಸಿಕ್ಕಿಸಿ, ತಮ್ಮ ಪಾಡಿಗೆ ತಾವು ಹೊರಟುಬಿಡುತ್ತಿದ್ದರು. ಒಬ್ಬರು ಸೊಪ್ಪಿಗೆ, ಒಬ್ಬರು ಸೀಮೆಎಣ್ಣೆಗೆ, ಇನ್ನೊಬ್ಬರು ಸೋಮೇಶ್ವರನ ಗುಡಿಗೆ ಹೋಗಿ ಒಂದು ಕೈ ಮುಗಿಯಲಿಕ್ಕೆ. ಅರ್ಧ ಗಂಟೆ ಬಿಟ್ಟು ಬಂದರೆ ಬಾಟಲಿ ತುಂಬಿ, ಬಿರಡೆ ಹಾಕಿಸಿಕೊಂಡು ತಯಾರಾಗಿ ನಿಂತಿರುತ್ತಿತ್ತು. ಅದರ ಪಕ್ಕೆಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿರುತ್ತಿತ್ತು. ಒಂದು ಹಲ್ಲಿಗೆ ಒಂದು ವೇಳೆಯ ಔಷಧಿ. ಅವರವರ ಬಾಟಲಿ ಅವರವರಿಗೆ ಗೊತ್ತು, ಎತ್ತಿಕೊಂಡು ಹೋಗುವುದು. ಯಾರು ಯಾರನ್ನೂ ಏನೂ ಕೇಳುವ ಹಾಗಿರಲಿಲ್ಲ.

ಕಿಟಕಿಯ ಒಳಗಿದ್ದವನು ಶ್ರೀರಾಮಪ್ಪ. ಹಲಸೂರಿನ ಹಳೇ ಕುಳ. ಅವನಪ್ಪ ಊರಿನ ಮೂಡಲಿಗಿದ್ದ ಎರಡೆಕರೆಯಲ್ಲಿ ತರಕಾರಿ ಬೆಳೆದು ರಸೆಲ್ ಮಾರ್ಕೆಟ್ಟಿಗೆ ಗಾಡಿ ಹೊಡೆಯುತ್ತಿದ್ದ. ಮಗನಿಗೆ ಮಣ್ಣು ಒಗ್ಗಲಿಲ್ಲ. ಯುದ್ಧದ ಕಾಲದಲ್ಲಿ ದಂಡಿನ ಆಸ್ಪತ್ರೆಯಲ್ಲಿ ಬೆಡ್‌ಪ್ಯಾನು ತೊಳೆಯುವ ಕೆಲಸಕ್ಕೆ ಸೇರಿ, ಅಲ್ಲಿಯ ಔಷಧಿ ಕೋಣೆಯ ಒಬ್ಬ ತಮಿಳು ಹವಾಲ್ದಾರನ ಹಿಂದೆ ಮುಂದೆ ಸುತ್ತಿ, ಔನ್ಸು, ಡ್ರಾಮು, ಗ್ರೇನು ಎಂಬ ಔಷಧಿಯ ಅಳತೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡ. ಆಮೇಲೆ ಕಾಂಪೌಂಡರ್ ಪರೀಕ್ಷೆಯನ್ನೂ ಪಾಸು ಮಾಡಿ, ಐವತ್ತನೇ ಇಸವಿಯಲ್ಲಿ ಡಾಕ್ಟರ್ ಗುರುರಾಜರಲ್ಲಿ ಸೇರಿದ. ಎಣ್ಣೆ ಹಚ್ಚಿ ಬಾಚಿದ ತಲೆ, ಗುಂಡಿ ಹಾಕಿದ ಬಿಳೀ ಕೋಟು, ಮೀಸೆಯ ಕೆಳಗೆ ಸದಾ ಒಂದು ಬಿಗುಮಾನ. ಬಿಗುಮಾನಕ್ಕೆ ಕಾರಣವಿತ್ತು.

ಆ ಕಾರಣವನ್ನು ನೋಡಲಿಕ್ಕೆಂದೇ ಕೆಲವರು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಎಂಟು ಹತ್ತು ಬಾಟಲಿ ಸೇರಿದ ಮೇಲೆ ಶ್ರೀರಾಮಪ್ಪ ಕೈ ಚಾಚಿ ಎಲ್ಲ ಚೀಟಿಗಳನ್ನೂ ಸಾಲಿನ ಕ್ರಮದಲ್ಲಿ ಎತ್ತಿಕೊಳ್ಳುತ್ತಿದ್ದ. ಒಂದು ಸಲ, ಒಂದೇ ಸಲ ಓದುತ್ತಿದ್ದ. ಓದಿ, ಗೋಡೆಯ ಮೊಳೆಗೆ ಚುಚ್ಚಿಬಿಡುತ್ತಿದ್ದ. ಆಮೇಲೆ ಒಂದನೆಯ ಬಾಟಲಿಯಿಂದ ಹತ್ತನೆಯದರ ತನಕ ಕೈ ನಿಲ್ಲದೆ, ಕಣ್ಣು ಚೀಟಿಯ ಕಡೆ ತಿರುಗದೆ, ತುಂಬಿಕೊಂಡು ಹೋಗುತ್ತಿದ್ದ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ, ಕೇಳಿದವರಿಗೂ ಕೇಳದವರಿಗೂ. ಸತ್ಯ ಹೇಳಬೇಕೆಂದರೆ ಅವನಿಗೆ ಜನರ ಮುಖಕ್ಕಿಂತ ಬಾಟಲಿಗಳ ಮುಖ ಚೆನ್ನಾಗಿ ಗೊತ್ತಿತ್ತು. ದಾರಿಯಲ್ಲಿ ಸಿಕ್ಕಿ ನಮಸ್ಕಾರ ಅಂದವರನ್ನು ಪಿಳಿಪಿಳಿ ನೋಡುತ್ತಿದ್ದ. ಅದೇ ಅವರ ಬಾಟಲಿ ಕಂಡರೆ ಮೂಲವ್ಯಾಧಿಯೋ ಉಬ್ಬಸವೋ ಥಟ್ಟನೆ ಹೇಳುತ್ತಿದ್ದ.

ಡಾಕ್ಟರ ಷಾಪಿನ ಔಷಧಿಗಳಿಗೆಲ್ಲ ಒಂದೇ ಬಣ್ಣ, ಕೆಂಪು. ಬಣ್ಣವಿಲ್ಲದ ಔಷಧಿಯನ್ನು ಜನ ನಂಬುವುದಿಲ್ಲ ಎಂದು ಡಾಕ್ಟರ್ ಗುರುರಾಜ್ ಮೊದಲ ವರ್ಷವೇ ಕಂಡುಕೊಂಡಿದ್ದರು. ಕೆಮ್ಮಿಗೂ ಕೆಂಪು, ಹೊಟ್ಟೆನೋವಿಗೂ ಕೆಂಪು, ನಿದ್ದೆ ಬಾರದವರಿಗೂ ಕೆಂಪು.

ಅರವತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ಮೊದಲ ಸೋಮವಾರ. ಚಳಿ ಬಿದ್ದು ಊರಿಗೆ ಊರೇ ಕೆಮ್ಮುತ್ತಿತ್ತು. ಕಟ್ಟೆಯ ಮೇಲೆ ಬಾಟಲಿ ಇಡಲು ಜಾಗವಿಲ್ಲ. ಸಾಲಿನ ನಾಲ್ಕನೆಯದು ಒಂದು ರಮ್ ಬಾಟಲಿ, ಐದನೆಯದೂ ರಮ್ ಬಾಟಲಿ. ಇದರಲ್ಲೇನೂ ಆಶ್ಚರ್ಯವಿಲ್ಲ. ಹಲಸೂರಿನ ಪಕ್ಕದಲ್ಲೇ ರೆಜಿಮೆಂಟು, ರೆಜಿಮೆಂಟಿಗೊಂದು ಕ್ಯಾಂಟೀನು. ಅಲ್ಲಿ ಖಾಲಿಯಾದ ಬಾಟಲಿಗಳೇ ಊರಿನ ಮನೆಮನೆಯಲ್ಲಿ ಎಣ್ಣೆಗೂ ಹರಳೆಣ್ಣೆಗೂ ಔಷಧಿಗೂ ಆಗುತ್ತಿದ್ದವು. ಐದನೆಯ ಬಾಟಲಿ ಮುನಿಶಾಮಿಯದು. ಈತ ರೆಜಿಮೆಂಟಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿ ಪೆನ್ಷನ್ ಪಡೆದ ಮುದುಕ. ರಾತ್ರಿ ನಿದ್ದೆ ಬರುವುದಿಲ್ಲ, ಹಗಲು ತಾಳ್ಮೆ ಇರುವುದಿಲ್ಲ. ಶ್ರೀರಾಮಪ್ಪ ಚೀಟಿಗಳನ್ನೆಲ್ಲ ಎತ್ತಿಕೊಂಡು ಓದುತ್ತಿದ್ದಾಗ ಮುನಿಶಾಮಿ ತನ್ನ ಬಾಟಲಿಯನ್ನು ಮೆಲ್ಲಗೆ ಎತ್ತಿ, ನಾಲ್ಕನೆಯದರ ಮುಂದೆ ಇಟ್ಟು, ಏನೂ ಅರಿಯದವನಂತೆ ಬೀಡಿ ಹಚ್ಚಲು ಆಚೆ ಹೋದ. ಒಂದು ನಿಮಿಷ ಮೊದಲು ಸಿಕ್ಕರೆ ಅವನಿಗೆ ಅದೇ ಸ್ವರ್ಗ.

ನಾಲ್ಕನೆಯ ಬಾಟಲಿಯ ಒಡತಿ ಅಲ್ಲೇ ನಿಂತಿದ್ದಳು. ಬುರ್ಖಾ ತೊಟ್ಟ ಎಳೆಯ ಹೆಂಗಸು, ಹೆಗಲ ಮೇಲೆ ಕೆಮ್ಮಿ ಕೆಮ್ಮಿ ಸೋತ ಮಗು. ಈ ಷಾಪಿಗೆ ಹೊಸಬಳು. ಮುದುಕ ಬಾಟಲಿ ಸರಿಸಿದ್ದನ್ನು ಅವಳು ಕಣ್ಣಾರೆ ಕಂಡಳು. ಅದೂ ಇಲ್ಲಿಯ ಪದ್ಧತಿಯೇ ಇರಬೇಕೆಂದು ಸುಮ್ಮನಾದಳು. ಶ್ರೀರಾಮಪ್ಪನ ಕೈ ಎಂದಿನಂತೆ ಸಾಲಿನ ಮೇಲೆ ಹರಿದು ಹೋಯಿತು. ಅವಳು ತನ್ನ ಬಾಟಲಿಯನ್ನೇ ಸರಿಯಾಗಿ ಗುರುತಿಟ್ಟು ಎತ್ತಿಕೊಂಡು ಹೋದಳು.

ಮಧ್ಯಾಹ್ನ ಒಂದು ಗಂಟೆಗೆ ಮುನಿಶಾಮಿ ಬಂದ. ಅಷ್ಟು ಆತುರಪಟ್ಟವನು ಬೀಡಿ ಅಂಗಡಿಯಲ್ಲಿ ಹರಟೆಗೆ ಕೂತು ಎಲ್ಲರಿಗಿಂತ ಕೊನೆಗೆ ಬಂದಿದ್ದ. ಬಿರಡೆ ತೆಗೆದು ಒಂದು ಗುಟುಕು ನಾಲಿಗೆಗೆ ಬಿಟ್ಟುಕೊಳ್ಳುವುದು ಅವನ ಚಾಳಿ.

"ಏನಪ್ಪಾ ಶ್ರೀರಾಮ, ರಾಮನವಮಿ ಪಾನಕ ಮಾಡಿಟ್ಟಿದೀಯ? ಸಿಹಿ ಸಿಹಿ ಇದೆ. ನಂದು ಬೇವಿನ ಥರಾ ಕಹಿ ಇರ್ತಿತ್ತು."

ಶ್ರೀರಾಮಪ್ಪ ನಕ್ಕ. ನಗುತ್ತಲೇ ಬಾಟಲಿ ಇಸಿದುಕೊಂಡು ಒಂದು ಹನಿ ಬೆರಳಿಗೆ ಹಾಕಿ ನೆಕ್ಕಿದ. ಅದು ಮಕ್ಕಳ ಕೆಮ್ಮಿನ ಔಷಧಿ.

"ಮುನಿಶಾಮಣ್ಣ, ಬಾಟ್ಲು ಮುಟ್ಟಿದ್ಯಾ ಬೆಳಗ್ಗೆ?"

"ಮುಟ್ಟೋದೇನು ಬಂತು. ಒಂಚೂರು ಮುಂದಕ್ಕೆ ಇಟ್ಟೆ ಅಷ್ಟೆ. ಯಾರ ಗಂಟು ಹೋಯ್ತು?"

ಶ್ರೀರಾಮಪ್ಪ ಮೊಳೆಯಿಂದ ಚೀಟಿಗಳನ್ನು ಕಿತ್ತು ಎಣಿಸಿದ. ನಾಲ್ಕನೆಯ ಚೀಟಿಯಲ್ಲಿ ಡಾಕ್ಟರ ಅಕ್ಷರ: ಮಗು, ಎರಡು ವರ್ಷ, ಕೆಮ್ಮು. ಹೆಸರಿಲ್ಲ, ಬೀದಿಯಿಲ್ಲ, ಅಪ್ಪನ ಹೆಸರಿಲ್ಲ. ಯಾವ ಚೀಟಿಯಲ್ಲೂ ಇರುತ್ತಿರಲಿಲ್ಲ, ಯಾರಿಗೂ ಅದು ಬೇಕಾಗಿರಲಿಲ್ಲ. ಮುದುಕನನ್ನು ರಾತ್ರಿಯಿಡೀ ಮಲಗಿಸುವ ಔಷಧಿ ಎರಡು ವರ್ಷದ ಮಗುವಿನ ಮನೆ ಸೇರಿತ್ತು, ಪಟ್ಟಿಯ ಹಲ್ಲುಗಳೂ ದೊಡ್ಡವರ ಅಳತೆಯವು. ದಿನಕ್ಕೆ ಮೂರು ಸಲ ಒಂದೊಂದು ಹಲ್ಲು ಕೊಡು ಎಂದು ಡಾಕ್ಟರು ಬಾಯಲ್ಲೇ ಹೇಳಿ ಕಳಿಸಿರುತ್ತಾರೆ. ಒಂದು ಸಲಕ್ಕೆ ಮಗು ತಡೆದರೂ ತಡೆದೀತು, ಎರಡನೆಯದಕ್ಕೆ ಉಸಿರು ಉಳಿಯುವುದು ಕಷ್ಟ. ಈ ಲೆಕ್ಕ ಶ್ರೀರಾಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಪಾಠ ಮಾಡಿದ್ದೇ ಅದನ್ನು.

ಡಾಕ್ಟರ್ ಗುರುರಾಜ್ ಊಟಕ್ಕೆ ಏಳುತ್ತಿದ್ದರು. ವಿಷಯ ಕೇಳಿ ಮತ್ತೆ ಕೂತುಬಿಟ್ಟರು. ಕೆಟ್ಟ ಮನುಷ್ಯರೇನಲ್ಲ; ಬಡವರ ಕೈಗೆ ಬಸ್ಸಿನ ಚಾರ್ಜು ಕೊಟ್ಟು ಕಳಿಸುತ್ತಿದ್ದವರು. ಆದರೆ ಭಯ ಬಂದಾಗ ಒಳ್ಳೆಯವರೂ ಮೊದಲು ಬಾಗಿಲು ಹಾಕಿಕೊಳ್ಳುತ್ತಾರೆ.

"ಕೂಗಾಡ್ಬೇಡ ಶ್ರೀರಾಮಪ್ಪ. ಸರಿಯಾದ ಔಷಧಿ ತಗೊಂಡು ಹೋಗು. ಇದು ಇನ್ನೂ ಒಳ್ಳೇದು ಅಂತ ಹೇಳಿ ಬಾಟ್ಲಿ ಬದಲಾಯಿಸ್ಕೊಂಡು ಬಾ. ಬೇರೇನೂ ಬಾಯಿ ಬಿಡ್ಬೇಡ. ಒಂದ್ ಡೋಸ್‌ಗೆ ಏನೂ ಆಗೋಲ್ಲ, ನಿದ್ದೆ ಮಾಡುತ್ತೆ ಅಷ್ಟೆ."

ಹೋಗು ಎಂದರೆ ಎಲ್ಲಿಗೆ ಹೋಗುವುದು? ಶ್ರೀರಾಮಪ್ಪನಿಗೆ ಆ ತಾಯಿಯ ಮುಖವೇ ನೆನಪಿಗೆ ಬರಲಿಲ್ಲ. ಬಾಟಲಿ ಮಾತ್ರ ಕಣ್ಣಿಗೆ ಕಟ್ಟಿತ್ತು. ಹದಿನೆಂಟು ವರ್ಷದ ಜಾಣತನಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ನೆಲ ಒರೆಸುತ್ತಿದ್ದ ಆಯಾ ಇಮಾಮ್ ಬೀ ಬಕೆಟ್ಟು ಕೆಳಗಿಟ್ಟಳು.

"ಆ ಬಚ್ಚಿಯ ಅಮ್ಮನಾ? ಬಾಟ್ಲು ತಂದಿರ್ಲಿಲ್ಲಪ್ಪ ಅವ್ಳು. ನಾನೇ ಲತೀಫನ ಹತ್ರ ಕಳಿಸ್ದೆ."

ಲತೀಫ್ ಎದುರು ಫುಟ್‌ಪಾತಿನಲ್ಲಿ ಗೋಣಿ ಹಾಸಿಕೊಂಡು ಹಳೇ ಬಾಟಲಿ ಮಾರುವವನು, ಮನೆಯಿಂದ ಬಾಟಲಿ ತರಲು ಮರೆತ ರೋಗಿಗಳೇ ಅವನ ಗಿರಾಕಿಗಳು. ಮುಸಲ್ಮಾನರ ಮನೆಯ ಮಗುವಿನ ಔಷಧಿಗೆ ರಮ್ ಬಾಟಲಿ ಎಲ್ಲಿಂದ ಬಂತೆಂದು ಬೆಳಿಗ್ಗೆ ಒಂದು ಕ್ಷಣವಾದರೂ ಯೋಚಿಸಿದ್ದರೆ ಶ್ರೀರಾಮಪ್ಪ ಅವಳ ಮುಖ ನೋಡುತ್ತಿದ್ದನೇನೋ. ಲತೀಫನಿಗೆ ಅವಳು ಗೊತ್ತಿದ್ದಳು.

"ನಮ್ಮ ಅಮೀರನ ಮನೆಯೋಳು, ಬಿಲ್ಕೀಸ್. ನನ್ನ ಬಾಟ್ಲಿ ಮೂಟೆ ಎಲ್ಲಾ ಅವನ ಜಟಕಾದಲ್ಲೇ ಹೋಗೋದು. ಅಮ್ಮನ ಮನೆಗೆ ಬಂದಿದ್ಲು, ಇವತ್ತು ವಾಪಸ್ ಹೊರಟೆ ಅಂದ್ಲು. ಶಿವಾಜಿನಗರ, ಜಟಕಾ ಸ್ಟ್ಯಾಂಡ್ ಹಿಂದೆ, ಕುದುರೆ ಲಾಯದ ಪಕ್ಕದ ಹೆಂಚಿನ ಮನೆ."

ಶ್ರೀರಾಮಪ್ಪ ಬಿಳೀ ಕೋಟಿನಲ್ಲೇ ಸೈಕಲ್ ಹತ್ತಿದ. ಸರಿಯಾದ ಔಷಧಿಯ ಬಾಟಲಿ ಚೀಲದಲ್ಲಿ, ಚೀಲ ಹ್ಯಾಂಡಲಿನಲ್ಲಿ. ಕೆರೆ ದಾಟಿ, ಸೇಂಟ್ ಜಾನ್ಸ್ ರಸ್ತೆ ಹಿಡಿದು, ನಲವತ್ತೈದರ ವಯಸ್ಸಿನಲ್ಲಿ ಇಪ್ಪತ್ತರವನಂತೆ ತುಳಿದ. ದಾರಿಯುದ್ದಕ್ಕೂ ಒಂದೇ ಬೇಡಿಕೆ: ಆ ತಾಯಿಗೆ ಬೇರೆ ಕೆಲಸ ಬಂದಿರಲಿ, ಔಷಧಿ ಮರೆತಿರಲಿ, ಬಾಟಲಿ ಕೈಜಾರಿ ಒಡೆದಿರಲಿ.

ಬಾಟಲಿ ಒಡೆದಿರಲಿಲ್ಲ. ಹೆಂಚಿನ ಮನೆಯ ಹೊಸ್ತಿಲಲ್ಲಿ ಬಿಲ್ಕೀಸ್ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಬಿಳೀ ಕೋಟು ಕಂಡು ಸೆರಗು ಎಳೆದುಕೊಂಡು ಎದ್ದಳು. ಅವಳ ಮುಖ ಅರಳಿತು.

"ಕಾಂಪೌಂಡರ್ ಸಾಬ್! ಬನ್ನಿ, ಒಳಗೆ ಬನ್ನಿ. ಅಲ್ಲಾ ನಿಮ್ಮ ಕೈಗೆ ಬರಕತ್ ಕೊಡ್ಲಿ. ಮೂರು ರಾತ್ರಿ ಕಣ್ಣು ಮುಚ್ಚಿಲ್ಲ ನಮ್ಮ ಮುನ್ನಿ. ಹನ್ನೊಂದು ಗಂಟೆಗೆ ಒಂದು ಹಲ್ಲು ಕೊಟ್ಟೆ ನೋಡಿ, ಆವಾಗಿಂದ ಮಲಗಿದಾಳೆ. ಕೆಮ್ಮೇ ಇಲ್ಲ! ಮಧ್ಯಾಹ್ನದ ಜೋಹರ್ ನಮಾಜ್ ಆಗ್ಲಿ, ಎಬ್ಬಿಸಿ ಇನ್ನೊಂದು ಕೊಡೋಣ ಅಂತ ಕೂತಿದೀನಿ. ಚಾ ಕುಡೀತೀರಾ?"

ಗೋಡೆಯ ಪಕ್ಕದ ಚಾಪೆಯಲ್ಲಿ ಮಗು ಮಲಗಿತ್ತು. ತಲೆದಿಂಬಿನ ಹತ್ತಿರ ರಮ್ ಬಾಟಲಿ, ಅದರ ಪಟ್ಟಿಯಲ್ಲಿ ಒಂದು ಹಲ್ಲಿನಷ್ಟು ಇಳಿದಿತ್ತು.

ಶ್ರೀರಾಮಪ್ಪನ ಕೈ ಚೀಲದೊಳಗೆ ಹೋಯಿತು. ಡಾಕ್ಟರು ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇದು ಇನ್ನೂ ಒಳ್ಳೇದಮ್ಮ, ಅದನ್ನ ಕೊಡು. ಅಷ್ಟು ಹೇಳಿದರೆ ಸಾಕು. ಚಹಾ ಕುಡಿದು, ಅವಳ ಹಾರೈಕೆ ಪಡೆದು, ಸೈಕಲ್ ಹತ್ತಿ ಹೋಗಬಹುದು. ಹೆಸರು ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಡಾಕ್ಟರ ಷಾಪೂ ಉಳಿಯುತ್ತದೆ. ಈ ಹೆಂಗಸು ಓದು ಬಾರದವಳು, ನಾಳೆ ಏನಾದರೂ ಆದರೆ ದೇವರ ಇಚ್ಛೆ ಅಂದುಕೊಳ್ಳುತ್ತಾಳೆ. ಅವನು ಇಷ್ಟನ್ನೂ ಯೋಚಿಸಿದ. ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮುಂದೆ ಅವನೇ ಎಷ್ಟೋ ಜನರೆದುರು ಅದನ್ನು ಒಪ್ಪಿಕೊಂಡಿದ್ದಾನೆ.

ಬಗ್ಗಿ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದ. ಉಸಿರು ಬಂತು. ಇನ್ನೊಂದಕ್ಕೆ ಕಾದ. ಬರಲಿಲ್ಲ. ಕಾದ. ಬಂತು. ಕೆನ್ನೆ ತಟ್ಟಿದರೆ ರೆಪ್ಪೆ ಅಲುಗಲಿಲ್ಲ.

"ಅಮ್ಮಾ," ಎಂದ. "ಔಷಧಿ ತಪ್ಪಾಗಿದೆ. ತಪ್ಪು ನಂದು. ಇದು ದೊಡ್ಡೋರಿಗೆ ಕೊಡೋ ನಿದ್ದೆ ಔಷಧಿ. ಮಗು ಮಲಗಿಲ್ಲ, ಮಂಪರಿನಲ್ಲಿದೆ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಮೊರ ಕೆಳಗೆ ಬಿತ್ತು. ಬಿಲ್ಕೀಸಳ ಕೂಗಿಗೆ ಲಾಯದಲ್ಲಿ ಕುದುರೆಗೆ ಹುಲ್ಲು ಹಾಕುತ್ತಿದ್ದ ಅಮೀರ್ ಓಡಿ ಬಂದ. ಎತ್ತರದ, ಅಗಲ ಎದೆಯ ಗಂಡಸು. ಎರಡು ಮಾತಿನಲ್ಲಿ ವಿಷಯ ತಿಳಿಯಿತು, ಮೂರನೆಯ ಮಾತಿಗೆ ಶ್ರೀರಾಮಪ್ಪನ ಕೋಟಿನ ಕಾಲರು ಅವನ ಮುಷ್ಟಿಯಲ್ಲಿತ್ತು.

"ಹೊಡಿ," ಎಂದ ಶ್ರೀರಾಮಪ್ಪ. "ಆಮೇಲೆ ಎಷ್ಟು ಬೇಕಾದ್ರೂ ಹೊಡಿ, ನಾನು ಎಲ್ಲೂ ಓಡಿ ಹೋಗೋಲ್ಲ. ಈಗ ಜಟಕಾ ಕಟ್ಟು."

ಅಮೀರ್ ಕಾಲರು ಬಿಟ್ಟ. ಅರ್ಧ ತಿಂದ ಹುಲ್ಲು ಬಾಯಲ್ಲಿದ್ದಂತೆಯೇ ಕುದುರೆಯನ್ನು ಗಾಡಿಗೆ ಹೂಡಿದ. ದಾರಿಯುದ್ದಕ್ಕೂ ಶ್ರೀರಾಮಪ್ಪ ಮಗುವನ್ನು ತೊಡೆಯ ಮೇಲೆ ಒಂದು ಮಗ್ಗುಲಾಗಿ ಹಿಡಿದು, ಗಲ್ಲ ಎತ್ತಿ, ಉಸಿರು ಎಣಿಸುತ್ತಾ ಕೂತಿದ್ದ.

ದೊಡ್ಡಾಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಒಬ್ಬ ಎಳೆ ವಯಸ್ಸಿನ ಲೇಡಿ ಡಾಕ್ಟರು. ರೆಪ್ಪೆ ಬಿಡಿಸಿ ನೋಡಿ, "ಏನು ಕುಡಿದಿದೆ?" ಎಂದು ಕೇಳಿದರು. ಗೊತ್ತಿಲ್ಲ ಎನ್ನುವ ಉತ್ತರಕ್ಕೇ ಒಗ್ಗಿಹೋಗಿದ್ದ ದನಿ. ಶ್ರೀರಾಮಪ್ಪ ನೆಟ್ಟಗೆ ನಿಂತ. ಕ್ಲೋರಲ್ ಹದಿನೈದು ಗ್ರೇನ್, ಬ್ರೋಮೈಡ್ ಹದಿನೈದು ಗ್ರೇನ್, ಅರ್ಧ ಔನ್ಸಿನಲ್ಲಿ ಒಂದೇ ಡೋಸು, ಹನ್ನೊಂದು ಗಂಟೆಗೆ, ಮಗುವಿನ ತೂಕ ಇಪ್ಪತ್ತನಾಲ್ಕು ಪೌಂಡು ಇರಬಹುದು, ಔಷಧಿ ಮಾಡಿದವನು ನಾನೇ, ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಲೇಡಿ ಡಾಕ್ಟರು ತಲೆಯೆತ್ತಿ ಒಂದು ಸಲ ಅವನ ಮುಖ ನೋಡಿದರು. ಆಮೇಲೆ ನರ್ಸುಗಳಿಗೆ ಪಟಪಟನೆ ಹೇಳುತ್ತಾ ಮಗುವನ್ನು ಒಳಗೆ ಎತ್ತಿಕೊಂಡು ಹೋದರು.

ವರಾಂಡದಲ್ಲಿ ಕಾಯುವುದಷ್ಟೇ ಉಳಿಯಿತು. ಬಿಲ್ಕೀಸ್ ಗೋಡೆಗೆ ಒರಗಿ ತುಟಿ ಅಲುಗಿಸುತ್ತಾ ಕೂತಳು. ಅಮೀರ್ ನಿಂತೇ ಇದ್ದ. ಮೂರು ಗಂಟೆಯ ಹೊತ್ತಿಗೆ ಮುನಿಶಾಮಿ ಬಸ್ಸು ಹಿಡಿದು, ಲಾಯದ ಅಕ್ಕಪಕ್ಕದವರನ್ನು ಕೇಳಿಕೊಂಡು, ಇಮಾಮ್ ಬೀಯನ್ನೂ ಕರೆದುಕೊಂಡು ಬಂದ. ಜೀವಮಾನದಲ್ಲಿ ಐದು ನಿಮಿಷ ಒಂದೆಡೆ ಕೂರದವನು ಅವತ್ತು ಮೂರು ಗಂಟೆ ಕಾಲ ಬೆಂಚಿನಿಂದ ಏಳಲಿಲ್ಲ, ಬೀಡಿ ಸೇದಲಿಲ್ಲ. ನಾಲ್ಕು ಗಂಟೆಗೆ ಡಾಕ್ಟರ್ ಗುರುರಾಜರ ಸಣ್ಣ ಕಾರು ಗೇಟಿನೊಳಗೆ ಬಂತು. ಅವರು ಒಳಗೆ ಹೋಗಿ, ಲೇಡಿ ಡಾಕ್ಟರ ಹತ್ತಿರ ಮಾತಾಡಿ, ಹೊರಗೆ ಬಂದು ಶ್ರೀರಾಮಪ್ಪನ ಪಕ್ಕದಲ್ಲೇ ಕೂತರು.

"ಏನು ಕುಡಿದಿದೆ ಅಂತ ಗೊತ್ತಿಲ್ದೆ ಇದ್ದಿದ್ರೆ ಮೆದುಳು ಜ್ವರ ಅಂತ ಬೆನ್ನಿಗೆ ಸೂಜಿ ಹಾಕ್ತಾ ಹೊತ್ತು ಕಳೀತಿದ್ವಿ ಅಂದ್ರು ಆಕೆ," ಎಂದರು. ಆಮೇಲೆ, "ಸುಳ್ಳು ಹೇಳು ಅಂತ ನಾನು ಕಳಿಸ್ದೆ. ನೀನು ನನ್ನ ಮಾತು ಕೇಳ್ಲಿಲ್ಲ. ಒಳ್ಳೇದಾಯ್ತಪ್ಪ," ಎಂದರು.

ದೀಪ ಹಚ್ಚುವ ಹೊತ್ತಾಯಿತು. ಒಳಗಿನಿಂದ ಮೊದಲು ಒಂದು ಕೆಮ್ಮು ಕೇಳಿತು. ಬಿಲ್ಕೀಸ್ ಕತ್ತೆತ್ತಿದಳು. ಮತ್ತೆ ಕೆಮ್ಮು, ಅದರ ಬೆನ್ನಿಗೇ ಅಳು. ಸಣ್ಣ ಅಳುವಲ್ಲ, ಹಸಿದ ಮಗು ಮನೆಯ ಹೆಂಚು ಹಾರಿಹೋಗುವಂತೆ ಅರಚುವ ಅಳು. ಶ್ರೀರಾಮಪ್ಪನಿಗೆ ಹೋದ ಜೀವ ಬಂದಂತಾಯಿತು. ಬೆಂಚಿನ ಮೇಲೆ ಕೂತಲ್ಲೇ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಮುನಿಶಾಮಿಯೂ ಅತ್ತ. ಇಮಾಮ್ ಬೀ ಅಳುತ್ತಲೇ ಇಬ್ಬರನ್ನೂ ಬೈದಳು. ಆಸ್ಪತ್ರೆಯ ಜವಾನ ಬಂದು, ಯಾರು ಹೋಗಿಬಿಟ್ಟರು ಎಂದು ಕೇಳಿ, ಯಾರೂ ಹೋಗಿಲ್ಲವೆಂದು ತಿಳಿದು ಗೊಣಗುತ್ತಾ ಹೋದ.

ಅಮೀರ್ ಮಗುವನ್ನು ನೋಡಿಕೊಂಡು ಹೊರಗೆ ಬಂದ. ಶ್ರೀರಾಮಪ್ಪ ಎದ್ದು ಅವನೆದುರು ನಿಂತ, ಮಾತು ಕೊಟ್ಟಿದ್ದನಲ್ಲ. ಅಮೀರ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಹೊಡೀಬೇಕು ಅಂತ ಇನ್ನೂ ಇದೆ," ಎಂದ. "ಆದ್ರೆ ಮಧ್ಯಾಹ್ನದಿಂದ ಕುದುರೆನೂ ತಿಂದಿಲ್ಲ, ನಾನೂ ತಿಂದಿಲ್ಲ. ಮೊದ್ಲು ಚಾ ಕುಡಿಯೋಣ ನಡೀರಿ."

ಮಗು ಉಳಿಯಿತು. ಆದರೆ ಶ್ರೀರಾಮಪ್ಪನ ಕೈ ಕೆಟ್ಟುಹೋಯಿತು. ಮರುದಿನ ಕಿಟಕಿಯ ಹಿಂದೆ ನಿಂತರೆ ಅಳತೆಯ ಗ್ಲಾಸು ಗಡಗಡ ನಡುಗಿತು. ಒಂದು ಬಾಟಲಿ ತುಂಬಲು ಹತ್ತು ನಿಮಿಷ. ತುಂಬಿದ್ದನ್ನು ಚೆಲ್ಲಿ ಮತ್ತೆ ತುಂಬುವುದು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂದು ಬಜಾರಿನವರು ಅವನ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ವಾರದ ಕೊನೆಗೆ, ಕೆಲಸ ಬಿಟ್ಟು ಅಪ್ಪನ ಹೊಲಕ್ಕೆ ಹೋಗುತ್ತೇನೆ ಎಂದು ಹೆಂಡತಿಯ ಮುಂದೆ ಹೇಳಿದ.

"ಹೋಗು," ಎಂದಳು ಚಿಕ್ಕಮುನಿಯಮ್ಮ. "ನೀನು ಹೋದ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಅವ್ನು ಇನ್ನೂ ಎಡವಿಲ್ಲ, ಕಲ್ಲು ಎಲ್ಲೈತೆ ಅಂತ ಅವ್ನಿಗೆ ಗೊತ್ತಿಲ್ಲ. ನಿಂಗೆ ಗೊತ್ತೈತಲ್ಲ."

ಶ್ರೀರಾಮಪ್ಪ ಎರಡು ರಾತ್ರಿ ಆ ಮಾತನ್ನು ಮೆಲುಕು ಹಾಕಿದ. ಸೋಮವಾರ ಡಾಕ್ಟರ ಮುಂದೆ ಹೋಗಿ ನಿಂತು, ಇರಬೇಕಾದರೆ ಷಾಪು ನಾನು ಹೇಳಿದ ಹಾಗೆ ನಡೆಯಬೇಕು ಎಂದ. ಡಾಕ್ಟರು ಒಂದು ಮಾತನ್ನೂ ಎದುರಾಡಲಿಲ್ಲ. ಬಾಟಲಿಗಳ ಸಾಲು ಅವತ್ತೇ ಮುಗಿಯಿತು. ಇನ್ನು ಮೇಲೆ ಜನರೇ ನಿಲ್ಲಬೇಕು. ಚೀಟಿಯಲ್ಲಿ ಹೆಸರು, ವಯಸ್ಸು, ಮನೆ ಎಲ್ಲಿ ಎಂಬುದಿರಬೇಕು. ಚೀಟಿಯನ್ನು ದಾರದಲ್ಲಿ ಬಾಟಲಿಯ ಕತ್ತಿಗೆ ಕಟ್ಟಬೇಕು. ಒಂದು ಸಲಕ್ಕೆ ಒಂದೇ ಬಾಟಲಿ. ಕೊಡುವಾಗ ಅವನು ಗಟ್ಟಿಯಾಗಿ ಓದುತ್ತಾನೆ, ತೆಗೆದುಕೊಳ್ಳುವವರು ಅದನ್ನು ತಿರುಗಿ ಹೇಳಬೇಕು. ನಿದ್ದೆಯ ಔಷಧಿಗೆ ಬಣ್ಣ ಹಾಕುವುದೇ ಇಲ್ಲ. ಹೆಂಗಸರು ಮಕ್ಕಳನ್ನು ಡಾಕ್ಟರು ನೋಡುವಾಗ ಇಮಾಮ್ ಬೀ ಒಳಗಿರಬೇಕು, ತಾನೇ ಮಾತಾಡಲು ಬರುವ ರೋಗಿಯ ಪರವಾಗಿ ಇನ್ನೊಬ್ಬರು ಬಾಯಿ ಹಾಕಬಾರದು. ಈ ಕೊನೆಯ ಎರಡು ಮಾತು ಇಮಾಮ್ ಬೀಯವು. ಅವಳು ಆ ಬಾಗಿಲಲ್ಲಿ ನೆಲ ಒರೆಸುತ್ತಾ ಡಾಕ್ಟರಿಗಿಂತ ಹೆಚ್ಚು ಕಂಡಿದ್ದಳು.

ಜನ ರೇಗಿದರು. ಇದೇನು ಷಾಪೋ ಪೊಲೀಸ್ ಠಾಣೆಯೋ ಎಂದರು. ಯಾರ ಮನೆಯೆಂದರೆ ಗಂಡನ ಹೆಸರು ಹೇಳಲು ಒಲ್ಲದ ಹೆಂಗಸರು ಕಿಸಿಕಿಸಿ ನಕ್ಕು ಓಡಿಹೋದರು. ಅರ್ಧಕ್ಕರ್ಧ ಗಿರಾಕಿ ಮೇಲಿನ ಬೀದಿಯ ಡಾಕ್ಟರ ಪಾಲಾಯಿತು. ಸಾಲಿನಲ್ಲಿ ಮುಂದೆ ನುಗ್ಗುವವರನ್ನು ಹಿಂದಕ್ಕೆ ತಳ್ಳುವ ಕೆಲಸವನ್ನು ಮುನಿಶಾಮಿ ಸಂಬಳವಿಲ್ಲದೆ ವಹಿಸಿಕೊಂಡ. ಕಳ್ಳನಿಗೆ ಕೀಲಿಕೈ ಕೊಟ್ಟ ಹಾಗಾಯಿತೆಂದು ಡಾಕ್ಟರು ನಕ್ಕರು. ಆದರೆ ಮುನಿಶಾಮಿಯ ಕಣ್ಣು ತಪ್ಪಿಸಿ ಒಬ್ಬನೂ ಒಂದಡಿ ಮುಂದೆ ಹೋಗಲಿಲ್ಲ.

ಆಮೇಲಿನ ಹತ್ತು ವರ್ಷದ ಮಾತನ್ನು ಇಲ್ಲೇ ಹೇಳಿಬಿಡುವುದು ವಾಸಿ. ಶ್ರೀರಾಮಪ್ಪನ ಅಪ್ಪನ ಎರಡೆಕರೆ ಹೊಸ ಲೇಔಟಿಗೆ ಹೋಯಿತು. ಬದನೆಕಾಯಿ ಬೆಳೆದಲ್ಲಿ ಇಂದಿರಾನಗರದ ಬಂಗಲೆಗಳೆದ್ದವು, ಆ ಬಂಗಲೆಗಳಿಂದ ಫ್ಯಾಕ್ಟರಿ ಆಫೀಸರುಗಳ ಹೆಂಡತಿಯರು ಕೊಡೆ ಹಿಡಿದುಕೊಂಡು ಇವನ ಕಿಟಕಿಗೇ ಬಂದು, ತಮ್ಮ ಹೆಸರು ತಾವೇ ಹೇಳಿ ಔಷಧಿ ಪಡೆದರು. ಬೈಯಪ್ಪನಹಳ್ಳಿ ಕಡೆಯ ಪಟಾಲಮ್ಮ ಎನ್ನುವ ಗಟ್ಟಿಗಿತ್ತಿ ಸೊಸೆಯ ಹೊಟ್ಟೆನೋವಿಗೆಂದು ನಾಲ್ಕು ಸಲ ತಾನೇ ಮಾತಾಡಿ ಔಷಧಿ ಒಯ್ದಿದ್ದಳು. ಐದನೆಯ ಸಲ ಇಮಾಮ್ ಬೀ ಅತ್ತೆಯನ್ನು ಹೊರಗೆ ಕೂರಿಸಿ ಸೊಸೆಯನ್ನು ಕೇಳಿದಳು. ಹುಡುಗಿಗೆ ಹೊಟ್ಟೆನೋವಿರಲಿಲ್ಲ, ಹೊಟ್ಟೆಗೆ ಅನ್ನವಿರಲಿಲ್ಲ. ಬೆನ್ನ ಮೇಲೆ ಬಾಸುಂಡೆಯಿತ್ತು. ಡಾಕ್ಟರು ಅವತ್ತೇ ಅವಳ ತಂದೆಗೆ ಹೇಳಿ ಕಳಿಸಿ, ಅವನು ಬರುವ ತನಕ ಅವಳನ್ನು ಷಾಪಿನಿಂದ ಕದಲಿಸಲಿಲ್ಲ. ತಂದೆ ಬಂದು ಕೈ ಹಿಡಿದು ಕರೆದೊಯ್ದಾಗ ಹುಡುಗಿ ಥ್ಯಾಂಕ್ಸ್ ಹೇಳಲಿಲ್ಲ, ಓಡಿಹೋದಳು. ಇಮಾಮ್ ಬೀಗೆ ಅಷ್ಟೇ ಸಾಕಾಯಿತು.

ಇದೆಲ್ಲ ಮುಂದಿನ ಮಾತು. ಆ ವರ್ಷ, ಅಂದರೆ ಅರವತ್ತೆಂಟರ ಮಳೆಗಾಲದ ತನಕವೂ, ಶ್ರೀರಾಮಪ್ಪನ ಕೈ ನಡುಗುತ್ತಲೇ ಇತ್ತು. ತಾನು ಮಾಡಿದ ಔಷಧಿಯನ್ನು ತಾನೇ ನಂಬುತ್ತಿರಲಿಲ್ಲ. ನಿಯಮಗಳನ್ನು ಮಾಡಿದವನೂ ಅವನೇ, ಇನ್ನೊಂದು ತಪ್ಪು ಯಾವ ಬಾಟಲಿಯಲ್ಲಿ ಕಾದಿದೆಯೋ ಎಂದು ದಿನವೂ ಬೆವರುವವನೂ ಅವನೇ. ಯುಗಾದಿಗೆ ಕೆಲಸ ಬಿಡುವುದೆಂದಿದ್ದ, ಆಮೇಲೆ ಗೌರಿ ಹಬ್ಬಕ್ಕೆ ಎಂದ.

ಆಗಸ್ಟಿನ ಒಂದು ಬೆಳಿಗ್ಗೆ ಜಿನುಗುವ ಮಳೆಯಲ್ಲಿ ಷಾಪಿನ ಮುಂದೆ ಜಟಕಾ ನಿಂತಿತು. ಬಿಲ್ಕೀಸ್ ಇಳಿದಳು. ಪಕ್ಕದಲ್ಲಿ ಮುನ್ನಿ, ತನ್ನ ಕಾಲ ಮೇಲೆ ತಾನೇ ನಿಂತು, ಮೂಗು ಸೋರಿಸಿಕೊಂಡು ಕೆಮ್ಮುತ್ತಿದ್ದಳು. ಒಳಗೆ ತೋರಿಸಿ, ಚೀಟಿ ತಂದು, ಸಾಲಿನಲ್ಲಿ ನಿಂತು ಕಿಟಕಿಗೆ ಬಂದಳು. ಶ್ರೀರಾಮಪ್ಪ ಈ ಸಲ ಮುಖವನ್ನೇ ಮೊದಲು ನೋಡಿದ. ನೋಡಿದ ಕೂಡಲೇ ಗುರುತು ಹಿಡಿದ.

"ಶಿವಾಜಿನಗರದಲ್ಲಿ ಹೆಜ್ಜೆಗೊಬ್ಬ ಡಾಕ್ಟರಿದಾರಲ್ಲಮ್ಮ," ಎಂದ. "ಅಷ್ಟು ದೂರದಿಂದ, ನನ್ನ ಕೈಯಿಂದ ಔಷಧಿ ತಗೊಳ್ಳೋಕೆ ಬಂದ್ಯಾ?"

ಬಿಲ್ಕೀಸ್ ಮಗುವನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದಳು.

"ತಪ್ಪು ಅಲ್ಲೂ ಆಗುತ್ತೆ ಸಾಬ್," ಎಂದಳು. "ಆದ್ರೆ ಅದನ್ನ ಹೇಳೋಕೆ ಮನೆತನಕ ಓಡಿ ಬರೋರು ಅಲ್ಲಿ ಯಾರಿದಾರೆ?"

ಹಿಂದೆ ಸಾಲಿನಲ್ಲಿ ಆರು ಜನ ಇದ್ದರು. ಯಾರೂ ಬೇಗ ಬೇಗ ಎನ್ನಲಿಲ್ಲ. ಶ್ರೀರಾಮಪ್ಪ ಚೀಟಿ ಓದಿದ, ಮತ್ತೆ ಓದಿದ, ಅಳತೆಯ ಗ್ಲಾಸನ್ನು ಬೆಳಕಿಗೆ ಎತ್ತಿ ಹಿಡಿದ. ಗೆರೆಗೆ ಸರಿಯಾಗಿ ನಿಂತ ಔಷಧಿ ಅಲುಗಲಿಲ್ಲ.

"ಮುನ್ನಿ, ಎರಡೂವರೆ ವರ್ಷ, ಕೆಮ್ಮು. ದಿನಕ್ಕೆ ಮೂರು ಸಲ, ಒಂದು ಸಣ್ಣ ಹಲ್ಲು," ಎಂದು ಗಟ್ಟಿಯಾಗಿ ಓದಿದ. ಬಿಲ್ಕೀಸ್ ಅದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿದಳು.